ಪೂರ್ವದ ಗ್ಯಾಲರಿ

ಜಗಳ ತಮಿಳಿನಲ್ಲಿ, ನಡುನಡುವೆ ತೆಲುಗಿನಲ್ಲಿ,
ಬೈಗುಳ ಮಾತ್ರ ಇಂಗ್ಲಿಷಿನಲ್ಲಿ.
ನಡಾವಳಿ ಬರೆಯುವ ನಾನು ಬೇತಮಂಗಲದವನು,
ಕನ್ನಡದಲ್ಲಿ ಬರೆಯುತ್ತೇನೆ,
ಸ್ವಲ್ಪ ತಣ್ಣಗೆ ಮಾಡಿ.

ವಿಷಯ ಒಂದು: ಐದನೇ ಲೈನ್ ಕ್ಲಬ್ಬಿನ ಮೈದಾನಕ್ಕೆ
ಪೂರ್ವ ದಿಕ್ಕಿನಲ್ಲಿ ಗ್ಯಾಲರಿ ಕಟ್ಟುವುದೋ, ಬೇಡವೋ.
ಈಗಿರುವ ಸೀಟು ಎಂಟುನೂರು.
ಕೇಳುತ್ತಿರುವುದು ಮೂರು ಸಾವಿರ.
ವಿಷಯ ಎರಡು ಇರಲಿಲ್ಲ.

ಕಟ್ಟಲೇಬೇಕು, ಎಂದರು ಅಧ್ಯಕ್ಷ ಆದಿಮೂಲಂ.
ಹೋದ ವರ್ಷ ಫೈನಲ್ ದಿನ ಗೇಟು ಮುರಿಯಿತಲ್ಲ,
ಬಂಗಾರಪೇಟೆಯವರು ಬಂದು ಗೋಡೆ ಮೇಲೆ ಕೂತು
ಗೋಡೆಯೇ ಕೂತುಬಿಟ್ಟಿತಲ್ಲ.

ಖಜಾಂಚಿ ಎಸ್ತರಮ್ಮ ಕನ್ನಡಕ ಒರೆಸಿಕೊಂಡರು.
ಫೈನಲ್ ವರ್ಷಕ್ಕೊಂದು. ಮಿಕ್ಕ ಭಾನುವಾರ?
ರಸೀತಿ ಪುಸ್ತಕ ಬಿಚ್ಚಿ ಓದಿದರು, ಪ್ರಾರ್ಥನೆ ಓದುವ ದನಿಯಲ್ಲಿ:
ಇನ್ನೂರ ಹನ್ನೊಂದು. ನೂರ ಎಂಬತ್ತು.
ಮಳೆ ಬಂದ ದಿನ ನಲವತ್ಮೂರು,
ಅದರಲ್ಲಿ ಆರು ಜನ ಗೋಲ್‌ಕೀಪರನ ತಾಯಿ ಕಡೆಯವರು.

ಆದಿಮೂಲಂ ಎದ್ದು ನಿಂತರು. ಎಪ್ಪತ್ತಾರು ವಯಸ್ಸು.
ಎದೆಯೊಳಗೆ ಗಣಿಯ ಧೂಳು ಇನ್ನೂ ಸಿಳ್ಳು ಹಾಕುತ್ತದೆ.
ಕೆಳಗೆ ಹತ್ತು ಸಾವಿರ ಅಡಿ ತೋಡುವಾಗ
ಯಾರಾದರೂ ನಮ್ಮನ್ನು ಕೇಳಿದರೇನಮ್ಮ?
ಮೇಲೆ ಮೂವತ್ತು ಅಡಿ ಹತ್ತೋದಕ್ಕೆ ಇಷ್ಟೊಂದು ಲೆಕ್ಕವಾ?

ನಾನು ಬರೆದದ್ದು: ಅಧ್ಯಕ್ಷರು ಎತ್ತರದ ಬಗ್ಗೆ ಮಾತನಾಡಿದರು.

ಎಸ್ತರಮ್ಮ ಬಿಡಲಿಲ್ಲ.
ತೋಡಿದವರು ಕೊನೆಗೆ ಬಿಟ್ಟುಹೋದದ್ದೇನು? ಒಂದು ತೂತು.
ತುಂಬದ ಗ್ಯಾಲರಿ ಅಂದರೂ ಅದೇ,
ತಲೆಕೆಳಗು ಮಾಡಿ ನಿಲ್ಲಿಸಿದ್ದು.

ನನಗೆ ಮತವಿಲ್ಲ. ನಾನು ಶನಿವಾರ ಸುಣ್ಣದ ಗೆರೆ ಎಳೆಯುವವನು.
ಆದರೆ ಪೂರ್ವ ದಿಕ್ಕು ಗೊತ್ತು.
ಅಲ್ಲಿ ಸಯನೈಡ್ ದಿಬ್ಬ,
ಚಿನ್ನ ಸೋಸಿಕೊಂಡ ಮೇಲೆ ಊರಿಗೆ ಬಿಟ್ಟ ಬೂದುಮಣ್ಣು.
ಅಲ್ಲಿ ಟಿಕೆಟ್ಟಿಲ್ಲ. ರಸೀತಿ ಪುಸ್ತಕದಲ್ಲಿ ಅಲ್ಲಿಯವರಿಲ್ಲ.
ಒಂದು ಕಣ್ಣು ಬ್ಲಾಸ್ಟಿಂಗಿಗೆ ಕೊಟ್ಟು
ಇನ್ನೊಂದರಲ್ಲಿ ಆಫ್‌ಸೈಡ್ ಹಿಡಿಯುವ ತನಿಕಾಚಲಂ,
ಮಾರಲು ತಂದ ಕಡಲೆಕಾಯಿ ತಾನೇ ತಿಂದು ಮುಗಿಸುವ ಹುಡುಗ,
ನೈಟಿಯ ಮೇಲೆ ಟವೆಲ್ ಹೊದ್ದು ಬಂದು
ರೆಫರಿಯ ಅಜ್ಜಿಯವರೆಗೂ ವಿಚಾರಿಸುವ ಹೆಂಗಸರು,
ಮೂರು ಮೇಕೆ.
ಗಾಳಿ ಎದ್ದರೆ ದಿಬ್ಬವೂ ಎದ್ದು ಹಲ್ಲಿಗೆ ಬರುತ್ತದೆ.
ಯಾರೂ ಜಾಗ ಬಿಡುವುದಿಲ್ಲ.

ಗ್ಯಾಲರಿ ಬಂದರೆ
ಅವರಿಗೆ ಕಾಣುವುದು ಗ್ಯಾಲರಿಯ ಬೆನ್ನು.

ಒಮ್ಮೆ ಎಣಿಸಿದ್ದೆ.
ಮಾರಿಕುಪ್ಪಂ ರೈಲು ತಡವಾಗಿತ್ತು,
ನಮ್ಮ ಸೆಂಟರ್ ಫಾರ್ವರ್ಡ್ ಸೆಕ್ಯುರಿಟಿ ಯೂನಿಫಾರಂನಲ್ಲೇ
ಅದರೊಳಗೆ ಎಲ್ಲೋ ಸಿಕ್ಕಿಕೊಂಡಿದ್ದ.
ಸುಮ್ಮನಿರಲಾರದೆ ದಿಬ್ಬದ ತಲೆಗಳನ್ನು ಎಣಿಸಿದೆ.
ಒಂಬೈನೂರು ದಾಟಿದಾಗ ರೈಲು ಕೂಗಿತು,
ಎಲ್ಲರೂ ಎದ್ದು ನಿಂತರು,
ಲೆಕ್ಕ ಚದುರಿತು.

ಇದನ್ನು ಸಭೆಯಲ್ಲಿ ಹೇಳಿಬಿಟ್ಟೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟದ್ದು.
ಒಂಬೈನೂರಾ! ಎಂದರು ಆದಿಮೂಲಂ,
ನೋಡಿದಿರಾ, ಗ್ಯಾಲರಿ ತುಂಬುತ್ತದೆ.
ಒಂಬೈನೂರಾ, ಎಂದರು ಎಸ್ತರಮ್ಮ,
ಅಷ್ಟು ಜನ ಆಗಲೇ ಕೂತಿದ್ದಾರೆ. ಗ್ಯಾಲರಿ ಯಾಕೆ?

ಟೀ ತಣ್ಣಗಾಯಿತು. ಬಿಸ್ಕತ್ತಿನ ಚೂರುಗಳನ್ನು
ಯಾರೋ ಬೆರಳಲ್ಲಿ ಒತ್ತಿ ಒತ್ತಿ ತಿಂದರು.
ತೀರ್ಮಾನ: ಮುಂದಿನ ಸಭೆಗೆ.
ಸದ್ಯಕ್ಕೆ ಬಿದ್ದ ಗೋಡೆ ಕಟ್ಟಿಸುವುದು,
ಸೊಂಟದೆತ್ತರ, ಕೂರುವಷ್ಟು ಅಗಲ.

ಶನಿವಾರ ಸುಣ್ಣ ಮುಗಿಸಿ ದಿಬ್ಬ ಹತ್ತಿದೆ.
ಕೂತು ಕೂತು ಆದ ತಗ್ಗುಗಳು, ಒಂದರ ಮೇಲೊಂದು ಸಾಲು,
ನಂಬರಿಲ್ಲದ ಸೀಟು.
ಒಂದರಲ್ಲಿ ಕೂತು ನೋಡಿದೆ.
ಎರಡೂ ಗೋಲು ಕಾಣುತ್ತವೆ.
ನಾನೆಳೆದ ಗೆರೆ
ಮಧ್ಯದಲ್ಲಿ ಒಂದು ಗೇಣು ಸೊಟ್ಟ.
ಇಷ್ಟು ವರ್ಷ ಇಲ್ಲಿ ಕೂತವರು
ಒಬ್ಬರೂ ಹೇಳಿರಲಿಲ್ಲ.