ಇಪ್ಪತ್ತಮೂರನೇ ಪಟ್ಟಿ

ಕಟಮರಾನ್ ಎನ್ನುತ್ತಾರೆ ಇಲ್ಲಿ.
ನಮ್ಮ ಬಾಯಿಗೆ ಬಂದರೆ ಅದು ಕಟ್ಟುಮರ.
ಸುತ್ತ ನಡೆದು ನೋಡಿದೆ: ಮರವೂ ಇಲ್ಲ, ಕಟ್ಟೂ ಇಲ್ಲ,
ಜೋಡಿ ಹೊಟ್ಟೆಯ ಬಿಳೀ ಫೈಬರು
ಉಮ್ ಅಲ್ ಕುವೈನಿನ ಖೋರಿನ ದಂಡೆಯಲ್ಲಿ
ಕಬ್ಬಿಣದ ಕುದುರೆಗಳ ಮೇಲೆ ಕೂತಿದೆ,
ಕಾದ ಕಾವಲಿಯ ಹಾಗೆ.

ಅದಕ್ಕೆ ಮರದ ಮೈ ಹೊದಿಸುವುದು ನನ್ನ ಕೆಲಸ.
ಎಂಟು ಮಿಲ್ಲಿ ದಪ್ಪ, ನಲವತ್ತೈದು ಅಗಲ,
ಬರ್ಮಾ ತೇಗದ ಪಟ್ಟಿಗಳು.
ಗಂಗೊಳ್ಳಿಯಲ್ಲಿ ಅಪ್ಪಯ್ಯ ಹಲಗೆಗೆ ಹಲಗೆ ಕೂಡಿಸುತ್ತಿದ್ದ,
ಹತ್ತಿಯ ಹುರಿ ಜಡಿದು, ತಾಟೆ ಮೀನಿನೆಣ್ಣೆ ಬಳಿದು.
ಇದನ್ನು ಕಂಡಿದ್ದರೆ ಕೇಳುತ್ತಿದ್ದ:
ಹಲಗೆಯೋ ಮಾರಾಯ, ಹಪ್ಪಳವೋ?

ಮೊಳೆ ಹೊಡೆಯುವಂತಿಲ್ಲ.
ತೂತಿನಲ್ಲಿ ನೀರಿಳಿದರೆ
ಫೈಬರಿನ ನಡುವಿನ ಬಾಲ್ಸಾ ನೆನೆದ ಅವಲಕ್ಕಿ.
ಎಲ್ಲ ಅಂಟಿನ ಮೇಲೆ ಭಾರ.
ತೇಗವೋ ಎಣ್ಣೆಗೊಬ್ಬಿನ ಜಾತಿ, ಯಾರನ್ನೂ ಹತ್ತಿರ ಸೇರಿಸದು;
ಅಸಿಟೋನ್ ಹಾಕಿ ಒರೆಸು, ಮತ್ತೆ ಒರೆಸು,
ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವ ತನಕ,
ಎಣ್ಣೆ ಮತ್ತೆ ಮೇಲೇರುವ ಮೊದಲು ಹಚ್ಚು.

ಆಗಸ್ಟ್. ಹಗಲಿಗೆ ಎಪಾಕ್ಸಿ
ಡಬ್ಬಿಯಲ್ಲೇ ಹೊಗೆಯಾಡಿ ಕಲ್ಲು.
ಅಪರಾತ್ರಿಗೆ ಇಬ್ಬನಿ.
ಮಗ್ರಿಬ್ ಬಾಂಗಿನಿಂದ ಹತ್ತು ಗಂಟೆವರೆಗಿನದಷ್ಟೇ ನಮ್ಮದು:
ನಾನು, ಸಿಲ್ಹೆಟ್ಟಿನ ತೊಫಜ್ಜಲ್, ಎರಡು ಹ್ಯಾಲೋಜನ್ ದೀಪ,
ಹಣೆಗೆ ಬಿಗಿದ ಬೈರಾಸು.
ಹನಿ ಬಿದ್ದಲ್ಲಿ ಅಂಟು ಹಿಡಿಯದು.
ಭಟ್ಕಳದ ಫೋರ್ಮನ್ ಸಿದ್ದೀಬಾಪ
ದಿನಾ ಹೇಳಿಯೇ ಮನೆಗೆ ಹೋಗುವುದು:
ಬೆವರಿ, ಬೀಳಿಸಬೇಡಿ.

ಎಡ ಹೊಟ್ಟೆ, ಇಪ್ಪತ್ತಮೂರನೇ ಪಟ್ಟಿ.
ಬೈರಾಸು ಕುಡಿಯುವಷ್ಟು ಕುಡಿದು ಸಾಕು ಮಾಡಿತ್ತು.
ಮೂಗಿನ ತುದಿಯಲ್ಲಿ ಒಂದು ನಿಂತಿತ್ತು, ಗೊತ್ತಿತ್ತು,
ಎರಡೂ ಕೈ ಅಂಟಿನಲ್ಲಿ.
ಬಿತ್ತು.
ತೊಫಜ್ಜಲ್ ನೋಡಿದ. ನಾನು ನೋಡಲಿಲ್ಲ.
ಪಟ್ಟಿ ಕೂರಿಸಿದೆ, ಮರಳ ಚೀಲ ಹೇರಿದೆ.
ರಾತ್ರಿ ಕ್ಯಾಂಪಿನಲ್ಲಿ ಪರೋಟ ಹರಿಯುತ್ತ
ಇಬ್ಬರೂ ಬರೀ ಕ್ರಿಕೆಟ್ ಮಾತಾಡಿದೆವು.

ಆಮೇಲೆ ಸಂದಿಗಳು.
ತಳಕ್ಕೆ ಸಣ್ಣ ಟೇಪು ಎಳೆದು ಕರಿ ರಬ್ಬರು ತುಂಬುವುದು.
ಅದು ಎರಡು ಬದಿ ಹಿಡಿಯಬೇಕು, ತಳ ಹಿಡಿಯಬಾರದು;
ಮೂರೂ ಕಡೆ ಅಂಟಿದ್ದು ಬಿಸಿಲಿಗೆ ಹಿಗ್ಗಲಾರದೆ ಹರಿಯುತ್ತದೆ.
ಹೊಸಬರ ತಲೆಗೆ ಇದು ತಡವಾಗಿ ಹೋಗುತ್ತದೆ.
ಹದಿನಾರು ವರ್ಷ ಇಲ್ಲಿದ್ದವನಿಗೆ ವಿವರಿಸಬೇಕಾಗಿಲ್ಲ.

ದೋಣಿಯ ಒಡತಿ ಹಲ್ಲಿನ ಡಾಕ್ಟರು,
ಬೈರೂತಿನ ನಾಯ್ಲಾ ಮೇಡಂ.
ಕ್ಲಿನಿಕ್ ಮುಗಿಸಿ ಬಂದು, ಏಣಿಯ ಬುಡದಲ್ಲಿ ಚಪ್ಪಲಿ ಬಿಟ್ಟು
ಬರಿಗಾಲಲ್ಲಿ ಹತ್ತಿದಳು.
ಅರ್ಧಂಬರ್ಧ ಹಿಂದಿಯಲ್ಲಿ ನಕ್ಕಳು: ನನ್ನದೂ ಇದೇ ಕಸುಬು,
ಒಣಗಿಸು, ತುಂಬು, ಉಜ್ಜು.
ಒದ್ದೆ ಹಲ್ಲಿಗೆ ಸಿಮೆಂಟು ನಿಲ್ಲದು.
ಮೊಣಕಾಲೂರಿ, ಉಂಗುರದಿಂದ ಬಡಿಯುತ್ತ ಸರಿದಳು.
ಟಕ್. ಟಕ್. ಟಕ್.
ಎಡಕ್ಕೆ ಬಂದಳು. ಟಕ್. ಟಕ್.
ಟೊಕ್.
ಮತ್ತೊಮ್ಮೆ ಬಡಿದಳು.
ಕಂಪ್ರೆಸರಿನ ಸದ್ದು ಎಂದ ಸಿದ್ದೀಬಾಪ; ಕಂಪ್ರೆಸರು ಆರಿತ್ತು.
ಅವಳು ನನ್ನ ಬಾಯಿಯನ್ನೇ ನೋಡಿದಳು.
ತೆರೆ ಎನ್ನದೆ ತೆರೆಸುವುದು ಅವಳಿಗೆ ರೂಢಿ.
ನನ್ನ ಬೆವರು, ಎಂದೆ.

ಉಳಿ ತೂರಿಸಿ ಎಬ್ಬಿಸಿದೆ. ಅಡಿಯಲ್ಲಿ
ಎಂಟಾಣೆ ಅಗಲದ ಬಿಳೀ ಮಬ್ಬು,
ಮುಟ್ಟಿದರೆ ಇನ್ನೂ ಜಿಗುಟು.
ಇಷ್ಟೇನಾ, ಎನ್ನಿಸಿತು.
ಎರಡು ದಿನದ ಸಂಬಳ ಕಟ್.

ಹೊಸ ಪಟ್ಟಿ ಒಂದು ಕೈ ಹೆಚ್ಚು ಕಪ್ಪು,
ಉಳಿದವು ಬಿಸಿಲುಂಡು ಹೊಂಬಣ್ಣಕ್ಕೆ ತಿರುಗಿದ್ದವು.
ಎದ್ದು ಕಾಣುತ್ತದೆ, ಗೊಣಗಿದ ಸಿದ್ದೀಬಾಪ.
ಎರಡು ಬೇಸಿಗೆ, ಉಪ್ಪು ನೀರು, ಎಲ್ಲವೂ ಬೂದಿ ಬಣ್ಣ;
ಆಮೇಲೆ ಯಾವುದೆಂದು ಕೇಳಿದರೆ
ನಾನೂ ಬಡಿದೇ ಹುಡುಕಬೇಕು,
ಬಡಿದರೂ ಸಿಗಲಿಕ್ಕಿಲ್ಲ.

ಕಿತ್ತ ಪಟ್ಟಿಯ ತುಂಡನ್ನು ತೊಫಜ್ಜಲ್ ಒಯ್ದ.
ಕ್ಯಾಂಪಿನ ಬಾಗಿಲು ಗಾಳಿಗೆ ಬಡಿಯುತ್ತಿತ್ತು,
ಅಡಿಗೆ ಸಿಕ್ಕಿಸಲಿಕ್ಕೆ ಅಳತೆ ಸರಿಯಾಯಿತು.