ಅಡಿಬರಹ

ಗುರುವಾರ ರಾತ್ರಿ ಒಂಬತ್ತಕ್ಕೆ, ಸೆತುಬಾಲಿನಲ್ಲಿ,
ನಾವು ಹನ್ನೊಂದು ಜನ. ಚಳಿ ಇದ್ದರೆ ಏಳು.
ಟಿಕೆಟ್ಟು ಹರಿಯುವ ಹುಡುಗನಿಗೆ
ನಮ್ಮ ಮಂಡಿನೋವುಗಳೆಲ್ಲ ಹೆಸರು ಸಮೇತ ಗೊತ್ತು;
ಮೆಟ್ಟಿಲು ಕಡಿಮೆ ಇರುವ ಸಾಲನ್ನೇ ಕೊಡುತ್ತಾನೆ.

ಗ್ರಾಸಿಂಡಾಳ ಕಣ್ಣಿಗೆ ಈಗ ಪರದೆ ಅಂದರೆ
ಬರೀ ಬೆಳಕು, ಮಂಜಿನೊಳಗೆ ದೋಣಿ ಹೋದ ಹಾಗೆ.
ಪಕ್ಕದಲ್ಲಿ ಬೆಲ್ಮಿರೊ,
ಮೂವತ್ತು ವರ್ಷ ದೋಣಿಕಟ್ಟೆಯಲ್ಲಿ ಕೂಗಿ ಕೂಗಿ
ಪಿಸುದನಿಯೇ ಮರೆತವನು,
ಅಡಿಬರಹ ಓದಿ ಹೇಳುತ್ತಾನೆ.
ಹಿಂದಿನವರು ಶ್ ಅನ್ನುತ್ತಾರೆ. ಕೇಳಿಸಿಕೊಳ್ಳುವವರು ಯಾರು?

ಆಮೇಲೆ ಒತಿಲಿಯಾಳ ಹೋಟೆಲು.
ಕರಿದ ಬೊಂಡಾಸ, ನಿಂಬೆಹೋಳು, ಜಗಳ.
ಕ್ಯಾಮರಾ ಅಲುಗಿದ್ದು ಬೇಕೆಂದೇ, ಅನ್ನುತ್ತಾನೆ ಸಿಮಾವೊ.
ಹಿಡಿದವನು ಕುಡಿದಿರಬೇಕು, ಅನ್ನುತ್ತೇನೆ ನಾನು.

ಆಗ ಗ್ರಾಸಿಂಡಾ: "ನನಗೆ ಹಿಡಿಸಿದ್ದು ಕೊನೆ.
ಅಷ್ಟು ದಿನ ಆದಮೇಲೆ ತಮ್ಮ ಬಂದನಲ್ಲ,
ಬಂದವನೇ ಸಾರಿಗೆ ಉಪ್ಪು ಕಡಿಮೆ ಅಂದನಲ್ಲ!"

ತಮ್ಮ ಮುಳುಗಿದ್ದನ್ನು ನಾವೆಲ್ಲ ನೋಡಿದ್ದೆವು.
ಸಾರಂತೂ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.
ಬೆಲ್ಮಿರೊ ತನ್ನ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದ.

ಸಿಮಾವೊ ಕೆಮ್ಮಿದ, ಸೀಸೆ ಪಕ್ಕಕ್ಕೆ ಸರಿಸಿದ.
"ಆ ಉಪ್ಪಿನ ಮಾತಿದೆಯಲ್ಲ," ಅಂದ,
"ಅದು ಬರೆದವನು ಮನೆ ಕಂಡವನು."
ಹೌದು ಅಂದೆವು. ಒಬ್ಬೊಬ್ಬರೇ, ಹೌದು.

ಲೆಕ್ಕದಲ್ಲಿ ಎಂದಿನಂತೆ ನಲವತ್ತು ಸೆಂಟು ಕಡಿಮೆ ಬಿತ್ತು.

ಈಚೆಗೆ ನಾನು ಅವರ ಮುಂದಿನ ಸಾಲಿನಲ್ಲಿ ಕೂರುತ್ತೇನೆ.
ಯುದ್ಧದ ಚಿತ್ರವಾದರೆ,
ಕಣ್ಣು ಮುಚ್ಚಿಕೊಂಡು.