ಕರುಳು ಅಂದದ್ದು ನಾನು

ಹೋದ ಮಂಗಳವಾರ, ಖಮರುನ್ನೀಸಾ,
ಶಿಡ್ಲಘಟ್ಟದ ಆಸ್ಪತ್ರೆಯ ಆ ಉದ್ದ ಸಾಲಿನಲ್ಲಿ
ನಿನ್ನ ಸರದಿ ಬಂದಾಗ ಗಂಟೆ ಒಂದೂವರೆ.
"ಪೇಟ್ ಮೇ..." ಅಂತ ಅಂಗೈಯನ್ನು
ಇಡೀ ಹೊಟ್ಟೆಯ ಮೇಲೆ ಹರಡಿದೆ,
ರೊಟ್ಟಿ ತಟ್ಟಿದ ಹಾಗೆ.
ಕರುಳು ಹಿಂಡುತ್ತಾ? ನಾನು ಕೇಳಿದೆ.
ನೀನು ಹೂಂ ಅಂದೆ.
ಬಿಳಿ ಅಂಗಿಯವಳ ಮಾತಿಗೆ ಇಲ್ಲವೆನ್ನಲು
ನಿನಗೆ ಕನ್ನಡವೂ ಸಾಲದು, ಹೊತ್ತೂ ಸಾಲದು.
ಪಟ್ಟಿಯಿಂದ ಆರು ಮಾತ್ರೆ ಹರಿದು ಕೊಟ್ಟೆ.

ಹಿಂಡುವ ನೋವು ನನಗೆ ಗೊತ್ತು.
ಅದು ಅಲೆಮಾರಿ. ಹೊಕ್ಕುಳ ಸುತ್ತ ತಿರುಚಿ
ಮಂಡಿಯನ್ನು ಎದೆಗೆ ಎಳೆಸಿ
ಬೆವರಿಳಿಸಿ
ಗುಡುಗುಡು ಎಂದು ಜಾಗ ಬಿಟ್ಟು
ಸಂಜೆ ಮತ್ತೆ ಚೀಟಿ ಹಣದವನಂತೆ ಬಾಗಿಲಿಗೆ ಬರುತ್ತದೆ.
ಬಂದು ಹೋಗುವುದೇ ಅದರ ಗುಣ.
ನಿನ್ನದು ಹೋಗಲೇ ಇಲ್ಲ.
ಬಲಗಡೆ, ಪಕ್ಕೆಲುಬಿನ ಕೆಳಗೆ,
ಒದ್ದೆ ಬಟ್ಟೆಯ ಗಂಟಿನಂತೆ ಕೂತೇ ಇತ್ತು.
ಒಗ್ಗರಣೆ ವಾಸನೆಗೆ ವಾಕರಿಕೆ,
ಡಿಕಾಕ್ಷನ್ ಬಣ್ಣದ ಮೂತ್ರ,
ಅನ್ನ ಕಂಡರೆ ಅತ್ತ ತಿರುಗುವ ಮುಖ.
ಇದನ್ನೆಲ್ಲ ನಾನು ಕೇಳಲಿಲ್ಲ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ.
ನಿನ್ನ ಮನೆಯಲ್ಲಿ ಲೋಕವೇ ಮೊದಲು ಹಳದಿ:
ಚೀಲದ ತುಂಬ ಗೂಡು, ಬಾಣಲೆಯ ನೀರು,
ರಾಟೆಗೆ ಸುತ್ತಿದ ಎಳೆ, ನೆನೆದ ನಿನ್ನ ಉಗುರು,
ತಲೆಯ ಮೇಲಿನ ನಲವತ್ತರ ಬಲ್ಬು.
ಅಲ್ಲಿ ಒಂದು ಜೊತೆ ಕಣ್ಣು ಹಳದಿಯಾದರೆ
ಯಾರಿಗೆ ಕಂಡೀತು?
ಇವತ್ತು ನಿನ್ನನ್ನು ಹೊರಗೆ ಕರೆದು
ಹೊಂಗೆಮರ ದಾಟಿಸಿ ಬಿಸಿಲಿಗೆ ನಿಲ್ಲಿಸಿ
ಮೇಲಿನ ರೆಪ್ಪೆ ಎತ್ತಿದೆ.
ನಿನ್ನ ಅತ್ತೆಯೂ ಬಗ್ಗಿ ನೋಡಿ
ಕೈಲಿದ್ದ ಬಾಟಲಿಯ ಮುಚ್ಚಳ ಬೀಳಿಸಿದಳು.

ಕುದಿಯುವ ನೂರು ಗೂಡಲ್ಲಿ ತುದಿ ಹುಡುಕುವವಳು ನೀನು,
ಹೇಳು, ನಿನ್ನ ಮಾತಲ್ಲೇ ಹೇಳು, ಅಂದೆ.
ಆಗ ನೀನು ಒಂದೇ ಬೆರಳಿಟ್ಟೆ: "ಕಲೇಜಾ."
ಅಲ್ಲೇ ಒತ್ತಿ ಉಸಿರೆಳಿ ಅಂದೆ.
ಉಸಿರು ಅರ್ಧಕ್ಕೆ ಕಡಿಯಿತು.

ನಮ್ಮಲ್ಲಿ ಪ್ರೀತಿಯೆಲ್ಲ ಕರುಳಿನದು.
ಹೆತ್ತದ್ದು ಕರುಳು, ಚುರುಕ್ ಅಂದದ್ದು ಕರುಳು,
ಸಾವಿನ ಮನೆಯಲ್ಲಿ ಕಿತ್ತು ಬರುವುದೂ ಅದೇ.
ಈಲಿಗೆ ನಾನು ಕೇಳಿದ ಗಾದೆ ಒಂದೂ ಇಲ್ಲ,
ಭಾನುವಾರ ತಕ್ಕಡಿಗೆ ಬೀಳುವುದೊಂದೇ ಅದರ ಪಾಲು.
ನೀನೋ, ಸೊಂಟಕ್ಕೆ ಅಂಟಿದ್ದ ಮಗುವನ್ನು
"ಮೇರೇ ಕಲೇಜೇ ಕಾ ಟುಕ್ಡಾ" ಅಂತ ಕೆಳಗಿಳಿಸಿ
ಸೂಜಿಗೆ ಕೈ ಚಾಚಿದೆ.

ರಕ್ತದ ಚೀಟಿ ನಾಳೆ ಹನ್ನೊಂದಕ್ಕೆ.
ಉರಿಯೂತ ಎಷ್ಟು, ಯಾವ ನೀರಿನಿಂದ,
ಡಾಕ್ಟರು ನೋಡುತ್ತಾರೆ.
ಅತ್ತೆ ಸೊಪ್ಪಿನ ಔಷಧಿ ಕೊಡಲಾ ಅಂದಳು.
ಚೀಟಿ ಬರಲಿ ತಾಳಮ್ಮ ಅಂದೆ, ಬೈಯಲಿಲ್ಲ,
ಬೈಯುವ ಮುಖ ನನಗಿರಲಿಲ್ಲ.
ಉಳಿದ ಮಾತ್ರೆ ವಾಪಸ್ ಕೊಡು ಅಂದಾಗ
ನೀನು ಸೆರಗಿನ ಗಂಟು ಬಿಚ್ಚಿದೆ.
ಒಂದೂ ಬಿಡದೆ ನುಂಗಿದ್ದೆ.
ಖಾಲಿ ಪಟ್ಟಿ ಮಾತ್ರ ಜೋಪಾನವಾಗಿತ್ತು,
ಮುಗಿದರೆ ಅದೇ ತರಿಸಬೇಕಲ್ಲ ಎಂದು.